ಹಸುಗೂಸಿನೊಡನೆ ಸಿಂಗಪುರಕ್ಕೆ

ಪ್ರಶ್ನೆ: ನಾಲ್ಕು ವರ್ಷದ ಮಗಳು, ಹತ್ತು ತಿಂಗಳ ಮಗನೊಡನೆ ಮೊದಲ ಬಾರಿಗೆ ವಿದೇಶಕ್ಕೆ ಹೋಗಬೇಕೆಂದಿದ್ದೇವೆ. ಯಾವ ಊರು ಸೂಕ್ತ? ಆರೋಗ್ಯದ ಸಿದ್ಧತೆ ಏನು? (ಓದುಗರೊಬ್ಬರು, ಮೈಸೂರು)

ಮಕ್ಕಳ ವೈದ್ಯರ ಉತ್ತರ: ಬೆಂಗಳೂರಿನಿಂದ ಸುಮಾರು ನಾಲ್ಕೂವರೆ ಗಂಟೆಯ ನೇರ ವಿಮಾನ, ನಮಗಿಂತ ಎರಡೂವರೆ ಗಂಟೆಯಷ್ಟೇ ಮುಂದಿರುವ ಗಡಿಯಾರ, ತಳ್ಳುಗಾಡಿ ಸುಗಮವಾಗಿ ಸಾಗುವ ಕಾಲುದಾರಿ, ಸೆರಂಗೂನ್ ರಸ್ತೆಯಲ್ಲಿ ಬಿಸಿ ಇಡ್ಲಿ, ಇವೆಲ್ಲವೂ ಏಕತ್ರ ದೊರೆಯುವುದರಿಂದ ನಿಮ್ಮ ಪ್ರಥಮ ಪ್ರವಾಸಕ್ಕೆ ನಾನು ಸಿಂಗಪುರವನ್ನೇ ಸೂಚಿಸುವೆನು, ಯುರೋಪು ಇನ್ನೆರಡು ವರ್ಷ ಕಾಯಲಿ. ಹಸುಗೂಸಿಗೂ ಪ್ರತ್ಯೇಕ ಪಾಸ್‌ಪೋರ್ಟ್, ವೀಸಾ ಅವಶ್ಯವೆಂಬುದನ್ನು ಮರೆಯದಿರಿ.

ಹೊರಡುವ ತಿಂಗಳೊಪ್ಪತ್ತಿಗೆ ಮುಂಚೆಯೇ ಲಸಿಕೆಯ ಪುಸ್ತಕದೊಡನೆ ನಿಮ್ಮ ಮಕ್ಕಳ ವೈದ್ಯರನ್ನು ಕಂಡು, ಮಗನಿಗೆ ಒಂಬತ್ತನೆಯ ತಿಂಗಳ ದಡಾರದ ಚುಚ್ಚುಮದ್ದು ಆಗಿದೆಯೆಂದು ಖಚಿತಪಡಿಸಿಕೊಳ್ಳಿರಿ. ವಿಮಾನವು ನೆಲ ಮುಟ್ಟುವುದಕ್ಕೆ ಅರ್ಧ ಗಂಟೆ ಮೊದಲೇ ಇಳಿಯತೊಡಗುವುದು. ಆಗ ಮಲಗಿದ್ದ ಮಗುವನ್ನಾದರೂ ಎಬ್ಬಿಸಿ ಎದೆಹಾಲೂಡಿಸಿದರೆ, ನುಂಗುವಾಗೆಲ್ಲ ಕಿವಿಯೊಳಗಣ ಒತ್ತಡ ಸಮನಾಗಿ ನೋವು ತಗ್ಗುವುದು. ಮಗಳಿಗೆ ನೀರನ್ನು ಗುಟುಕು ಗುಟುಕಾಗಿ ಕೊಡಿರಿ. ನಿದ್ರೆ ಬರಿಸುವ ಸಿರಪ್ ಸರ್ವಥಾ ಬೇಡ. ಕೆಲವು ಮಕ್ಕಳು ಅದರಿಂದ ಇನ್ನಷ್ಟು ಚಡಪಡಿಸುತ್ತವೆ. ಹೊರಡುವ ಮುನ್ನ ಜ್ವರ, ಕಿವಿನೋವು, ಉಬ್ಬಸ ಕಂಡರೆ ವೈದ್ಯರಿಗೆ ತೋರಿಸದೆ ವಿಮಾನ ಹತ್ತಬಾರದು.

ಅಲ್ಲಿಯೂ ಡೆಂಗಿ ಉಂಟು, ಅದರ ಸೊಳ್ಳೆ ಹಗಲಿನಲ್ಲಿಯೇ ಕಚ್ಚುವುದಾದುದರಿಂದ ತುಂಬುತೋಳಿನ ಅಂಗಿಯೂ ತಳ್ಳುಗಾಡಿಗೆ ಪರದೆಯೂ ಇರಲಿ. ಮುಂಜಾನೆ ಪ್ರವೇಶಶುಲ್ಕವಿಲ್ಲದ ಬೊಟಾನಿಕ್ ಉದ್ಯಾನದಲ್ಲಿ ಮಕ್ಕಳಿಗಾಗಿಯೇ ಇರುವ ತೋಟ, ಮಧ್ಯಾಹ್ನ ಕೋಣೆಯಲ್ಲಿ ನಿದ್ರೆ. ದಿನಕ್ಕೊಂದೇ ಸ್ಥಳ ಸಾಕು. ಹಿಂದಿರುಗಿದ ಎರಡು ವಾರದೊಳಗೆ ಜ್ವರ ಬಂದಲ್ಲಿ, ಪ್ರವಾಸದ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಿರಿ.