ಬೆಟ್ಟ ನೋಡಿದಿರಿ, ದಂಡೆ ನೋಡಿದಿರಾ?

ನಮ್ಮ ಮನಗೂಳಿಯ ಹುಡುಗರ ಮೊಬೈಲಿಗೆ ಈಗ ಜಪಾನದ ಚಿತ್ರಗಳೂ ಬರುತ್ತವೆ. ಬರಲಿ, ಸಂತೋಷ. ಆದರೆ ಅಲ್ಲಿನ ಚಿತ್ರಕಾರ ಹೊಕುಸಾಯಿಯ ‘ತಾಗೊ ಕೊಲ್ಲಿ’ ಚಿತ್ರವನ್ನು ತೆರೆದು, “ಫೂಜಿ ಬೆಟ್ಟ ಛಲೋ ಅದ” ಅಂದು ಮರುಕ್ಷಣವೇ ಮುಂದೆ ಸರಿಸುತ್ತೀರಲ್ಲ, ಅದು ನನಗೆ ಸೇರುವುದಿಲ್ಲ. ದೂರದ ಬೆಟ್ಟ ನುಣ್ಣಗೆ. ಕೆಲಸ ನಡೆದಿರುವುದು ಕೆಳಗೆ, ದಂಡೆಯ ಮೇಲೆ.

ಮೊದಲು ಚಿತ್ರ ದೊಡ್ಡದು ಮಾಡಿಕೊಳ್ಳಿ. ಮೂಲ ಚಿತ್ರವೇ ಸುಮಾರು 37 ಸೆಂ.ಮೀ. ಅಗಲ, ಅಂಗೈಯಷ್ಟು ಮೊಬೈಲಿನಲ್ಲಿ ಏನು ಕಂಡೀತು? ಮುಂದಿನ ದೋಣಿಗಳನ್ನು ನೋಡಿ, ಆಮೇಲೆ ಕಣ್ಣನ್ನು ನಿಧಾನವಾಗಿ ಆಚೆ ದಂಡೆಗೆ ಒಯ್ಯಿರಿ. ಇರುವೆಯಷ್ಟು ಸಣ್ಣ ಮಂದಿ ದುಡಿಯುತ್ತಿದ್ದಾರೆ. ಎರಿ ಹೊಲ ನೋಡಿ ಬೆಳೆದವಳು ನಾನು. ಮೊದಲ ಸಲ ಅವರು ಜೋಳದ ರಾಶಿ ಮಾಡುತ್ತಿದ್ದಾರೆ ಅಂದುಕೊಂಡೆ. ಅವರು ಉಪ್ಪು ಮಾಡುವವರು! ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಕೆಲಸ ತಿಳಿಯದೆ ಅರ್ಥ ಹೇಳಲು ಹೋಗಬೇಡಿ. ಈ ಚಿತ್ರ ಬಂದ ಕಾಲದ ಜಪಾನಿನ ಒಂದು ಪದ್ಧತಿಯಲ್ಲಿ ಸಮುದ್ರದ ನೀರು ಹೊತ್ತು ತಂದು ಉಸುಕಿನ ಮೇಲೆ ಎರಚುತ್ತಿದ್ದರು. ಬಿಸಿಲಿಗೆ ಒಣಗಿದ ಉಸುಕನ್ನು ಬಳಿದು, ತೊಳೆದು, ಬಂದ ಉಪ್ಪುನೀರನ್ನು ಒಲೆಯ ಮೇಲೆ ಕುದಿಸುತ್ತಿದ್ದರು. ನಮ್ಮ ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿಗೆ ನೀರು ಬಿಟ್ಟು ಬಿಸಿಲಿಗೇ ಒಪ್ಪಿಸುತ್ತಾರೆ, ಒಲೆಯ ಹಂಗಿಲ್ಲ. ಬೇಸಿಗೆಯಲ್ಲಿ ಗೋಕರ್ಣಕ್ಕೆ ಹೋದರೆ ಗುಡಿಯಿಂದಲೇ ತಿರುಗಬೇಡಿ, ಆಗರವನ್ನೂ ನೋಡಿ ಬನ್ನಿ. ಆಗ ಈ ಚಿತ್ರ ತಾನೇ ಮಾತಾಡುತ್ತದೆ.

ಬಣ್ಣ ಹಿಡಿದು ಕತೆ ಕಟ್ಟುವುದೂ ಬೇಡ. ಇದು ಕುಂಚದಿಂದ ಬರೆದ ಒಂಟಿ ಚಿತ್ರವಲ್ಲ, ಹಲಗೆಯಲ್ಲಿ ಕೆತ್ತಿ ಒತ್ತಿದ ಅಚ್ಚು. ಬರೆದವನು ಒಬ್ಬ, ಕೆತ್ತಿದವನು ಇನ್ನೊಬ್ಬ, ಬಣ್ಣ ಬಳಿದು ಕಾಗದ ಒತ್ತಿದವನು ಮತ್ತೊಬ್ಬ. ಹೀಗಾಗಿ ಪ್ರತಿಯಿಂದ ಪ್ರತಿಗೆ ನೀಲಿ ಹೆಚ್ಚುಕಡಿಮೆ ಆಗುತ್ತದೆ. ಒಂದೇ ಪ್ರತಿ ನೋಡಿ “ಇದು ದುಃಖದ ನೀಲಿ” ಅಂದುಬಿಟ್ಟರೆ ಹೇಗೆ? ಎರಡು ಮೂರು ಪ್ರತಿ ಹೋಲಿಸಿ, ಆಮೇಲೆ ಬಾಯಿ ಬಿಡಿ.

ಹೆಸರನ್ನೂ ಕುರುಡಾಗಿ ನಂಬಬೇಡಿ. ಈ ಚಿತ್ರ 1830ರ ಆಸುಪಾಸಿನಲ್ಲಿ ಶುರುವಾದ ಒಂದು ಮಾಲೆಯದು, ಅದರ ಹೆಸರು ‘ಫೂಜಿಯ 36 ನೋಟಗಳು’. ಎಣಿಸಿದರೆ 46 ಚಿತ್ರ!

ನಾಳೆ ಇಂಥ ಚಿತ್ರವನ್ನು ಯಾರಿಗಾದರೂ ಕಳಿಸುವ ಮುಂಚೆ ಮೂರು ಮಾತು ಕೇಳಿಕೊಳ್ಳಿ: ದುಡಿಯುವವರು ಯಾರು, ಅವರ ಕೈಯಲ್ಲಿ ಏನಿದೆ, ಅವರು ಮಾಡಿದ್ದು ಯಾರ ಮನೆ ಸೇರುತ್ತದೆ? ಉಪ್ಪಿಗಿಂತ ರುಚಿಯಿಲ್ಲ ಅನ್ನುವವರು ಉಪ್ಪು ಮಾಡುವವರ ಮೇಲೆ ಒಂದು ನಿಮಿಷ ಕಣ್ಣಿಟ್ಟರೆ ಏನೂ ಕಳೆದುಹೋಗುವುದಿಲ್ಲ. ಬೆಟ್ಟ ಎಲ್ಲಿಗೂ ಓಡುವುದಿಲ್ಲ, ಆಮೇಲೆ ನೋಡಿದರಾಯಿತು.