ಕಾಯಿಪಲ್ಲೆ ಹುಳಕ್ಕೆ ಒಡ್ಡಿನ ಬೇವಿನ ಔಷಧಿ

ಕಬ್ಬಿನ ನಡುವೆ ಅಷ್ಟಿಷ್ಟು ಬದನೆ, ಕೋಸು ಹಾಕುವ ತುಬಚಿಯ ಕಡೆಯ ರೈತರಿಗೆ ಹುಳದ ಕಾಟ ಹೊಸದಲ್ಲ. ಆದರೆ ಇಂದು ಎಣ್ಣೆ ಹೊಡೆದು ನಾಳಿದ್ದು ಕಿತ್ತ ಬದನೆ ನೇರ ಸಂತೆಗೆ ಹೋಗುತ್ತದೆ. ಮೊನೊಕ್ರೋಟೊಫಾಸ್ ಕೀಟನಾಶಕವನ್ನು ತರಕಾರಿಗೆ ಬಳಸಬಾರದೆಂದು ಕೇಂದ್ರ ಸರ್ಕಾರ 2005ರಲ್ಲೇ ಹೇಳಿದೆ. ಬದಲಿ ಔಷಧಿ ಒಡ್ಡಿನ ಬೇವಿನ ಮರದಲ್ಲೇ ಇದೆ. ಮಾಡುವ ಕ್ರಮ ತಪ್ಪಿದರೆ ಮಾತ್ರ ಅದು ಬರೀ ಕಹಿ ನೀರು.

ಮಳೆಗಾಲದ ಆರಂಭದಲ್ಲಿ ಉದುರುವ ಹಣ್ಣು ಆರಿಸಿ, ಸಿಪ್ಪೆ ಬಿಡಿಸಿ ತೊಳೆದು, ಬೀಜವನ್ನು ನೆರಳಲ್ಲಿ ಒಣಗಿಸಿ. ಗೋಣಿಚೀಲದಲ್ಲಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ವರ್ಷ ದಾಟಿದ ಬೀಜದಲ್ಲಿ ಸತ್ವ ಉಳಿಯುವುದಿಲ್ಲ.

100 ಲೀಟರ್ ದ್ರಾವಣಕ್ಕೆ 5 ಕಿಲೋ ಒಳಬೀಜ ಬೇಕು. ತರಿತರಿಯಾಗಿ ಕುಟ್ಟಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ. ಮರುದಿನ ಗಂಟನ್ನು ಅದ್ದಿ ಹಿಂಡಿ, ಅದ್ದಿ ಹಿಂಡಿ, ಬೆಳ್ಳನೆಯ ರಸ ನಿಲ್ಲುವತನಕ ಬಿಡಬೇಡಿ. ಸೋಸಿ, ನೀರು ಬೆರೆಸಿ 100 ಲೀಟರ್ ಮಾಡಿ, ಬೇರೆಯಾಗಿ ಕರಗಿಸಿದ 200 ಗ್ರಾಂ ಸೋಪಿನ ನೀರು ಸೇರಿಸಿ.

ಸೋಪನ್ನು ಬಿಡುವಂತಿಲ್ಲ. ಕೋಸಿನ ಎಲೆಯ ಮೇಲೆ ಮೇಣದ ಪದರವಿದೆ. ಸೋಪಿಲ್ಲದ ಹನಿ ಉರುಳಿ ಮಣ್ಣಿಗೆ ಬೀಳುತ್ತದೆ. ಬೋರಿನ ನೀರು ಗಡುಸಾಗಿದ್ದರೆ ಸೋಪು ಒಡೆದು ತೇಲುತ್ತದೆ. ಮೊದಲು ಬಾಟಲಿಯಲ್ಲಿ ಕುಲುಕಿ ನೋಡಿ. ನೊರೆ ಬಾರದಿದ್ದರೆ ಹೊಳೆ ನೀರೇ ವಾಸಿ.

ಬೇವಿನ ಅಜಾಡಿರಾಕ್ಟಿನ್ ಬಿಸಿಲಿಗೆ ಕೆಡುತ್ತದೆ, ಆದ್ದರಿಂದ ಸಂಜೆ ಹೊಡೆಯಿರಿ. ಮಾಡಿದ್ದನ್ನು ಅಂದೇ ಮುಗಿಸಿ. ಎಲೆಯ ಅಡಿಭಾಗ ನೆನೆಯಬೇಕು, ಮರಿಹುಳ ಅಲ್ಲೇ ಇರುತ್ತದೆ. ಮೊದಲ ಸಲವಾದರೆ ನಾಲ್ಕಾರು ಗಿಡಕ್ಕೆ ಹೊಡೆದು, ಎಲೆ ಸುಡುವುದಿಲ್ಲವೆಂದು ನೋಡಿಕೊಂಡು ಮುಂದುವರಿಯಿರಿ. ಮರುದಿನ ಹುಳ ಸತ್ತು ಬಿದ್ದಿರುವುದಿಲ್ಲ, ಗಾಬರಿ ಬೇಡ. ಅದು ತಿನ್ನುವುದನ್ನು ಬಿಡುತ್ತದೆ, ಪೊರೆ ಕಳಚಲಾಗದೆ ನಿಧಾನಕ್ಕೆ ಸಾಯುತ್ತದೆ. ಬಲಿತ ಹುಳಕ್ಕೆ ಇದರಿಂದ ಹೆಚ್ಚೇನೂ ಆಗದು.

ಕೋಸಿನ ವಜ್ರಬೆನ್ನಿನ ಪತಂಗದ ಹುಳ ಹೆಚ್ಚಾದರೆ ಬಿಟಿ ಎಂಬ ಬ್ಯಾಕ್ಟೀರಿಯಾದ ಪುಡಿಯನ್ನು ಲೇಬಲ್ಲಿನ ಪ್ರಮಾಣದಲ್ಲಿ ಬಳಸಿ. ಅದು ಮರಿಹುಳದ ಕ್ಷಾರದ ಹೊಟ್ಟೆಯಲ್ಲಿ ಮಾತ್ರ ವಿಷವಾಗುತ್ತದೆ. ರೇಷ್ಮೆಹುಳವೂ ಮರಿಹುಳವೇ, ಹಿಪ್ಪುನೇರಳೆ ತೋಟದ ಹತ್ತಿರ ಬೇಡ. ಹೊಲದಲ್ಲಿ ಬಿಟಿಗೆ ಮೊದಲು ಜಗ್ಗದಾದ ಕೀಟ ಈ ಪತಂಗವೇ, ಹಾಗಾಗಿ ಬೇವು–ಬಿಟಿ ಬದಲಿಸುತ್ತಿರಿ.

ಬದನೆಯ ಕಥೆ ಬೇರೆ. ಕುಡಿ, ಕಾಯಿ ಹೊಕ್ಕ ಹುಳಕ್ಕೆ ಬೇವಿನ ದ್ರಾವಣ ಮುಟ್ಟದು. ಬಾಡಿದ ಕುಡಿ, ತೂತಾದ ಕಾಯಿ ಕಿತ್ತು ಬದುವಿಗೆ ಎಸೆಯದೆ ಆಳದ ಗುಂಡಿಯಲ್ಲಿ ಹೂಳಿ. ಗಂಡು ಪತಂಗ ಹಿಡಿಯುವ ಮೋಹಕ ಬಲೆಗಳನ್ನು ಸಸಿ ನೆಟ್ಟ ಕೆಲ ವಾರಗಳಲ್ಲೇ ಕಟ್ಟಿ.