ಬಂಡೆಗೆ ಮೊದಲ ಚಕ್ರ ಇಡುವ ಮುನ್ನ: ಮನೆಯಲ್ಲೇ ಕಟ್ಟಿದ ಬಗ್ಗಿಗೆ ಹನ್ನೆರಡು ಸೂತ್ರಗಳು

ಚಾಸಿ ಹಳೇ ಮಹೀಂದ್ರಾದ್ದು, ಎಂಜಿನ್ ಗುಜರಿಯಿಂದ ಬಂದದ್ದು, ಪೈಪಿನ ಪಂಜರ ಪರಿಚಯದ ವೆಲ್ಡಿಂಗ್ ಶಾಪಿನಲ್ಲಿ ಬೆಸೆದದ್ದು. ಭಾನುವಾರಗಳನ್ನೆಲ್ಲ ನುಂಗಿ ಹಾಕಿದ ಬಗ್ಗಿ ಕೊನೆಗೂ ಶೆಡ್ಡಿನಿಂದ ಹೊರಬಂದಿದೆ. ಇನ್ನು ಬಂಡೆ ಹತ್ತಿಸುವುದೊಂದೇ ಬಾಕಿ. ಅಮೆರಿಕದ ರುಬಿಕಾನ್ ಜಾಡಿನಲ್ಲಿ 1953ರಿಂದಲೂ ಜೀಪುಗಳ ಜಾತ್ರೆಯೇ ನಡೆಯುತ್ತಿದೆ. ತಿ. ನರಸೀಪುರ, ನಂಜನಗೂಡು ಸೀಮೆಯಲ್ಲಿ ಅಂಥ ಮೀಸಲು ಜಾಡಿಲ್ಲ. ಕಲ್ಲುಬಾರೆ, ಹಾಸುಬಂಡೆ, ಗುಂಡುಕಲ್ಲುಗಳಿಗೆ ಬರವೇನೂ ಇಲ್ಲ, ಆದರೆ ಪ್ರತಿಯೊಂದಕ್ಕೂ ಒಬ್ಬ ಯಜಮಾನನೋ, ದೇವರೋ, ಇಲಾಖೆಯೋ ಇದ್ದೇ ಇರುತ್ತದೆ.

ಮೊದಲ ಓಟ ಗೆದ್ದಿತು ಅನ್ನಬೇಕಾದರೆ ಪರೀಕ್ಷೆ ಒಂದೇ: ವಾಪಸ್ ಹೊರಡುವಾಗ ಗಾಡಿ ತನ್ನ ಎಂಜಿನ್ನಿನ ಬಲದಲ್ಲೇ ಲಾರಿ ಹತ್ತಬೇಕು. ಅದಕ್ಕೆ ಬೇಕಾದದ್ದು ಇಷ್ಟು.

1. ಜಾಗದ ಯಜಮಾನರನ್ನು ಮೊದಲು ಕಾಣಿರಿ

ಪಟ್ಟಾ ಜಮೀನಿನೊಳಗಿನ ಬಾರೆಯೇ ಮೊದಲ ಓಟಕ್ಕೆ ಸರಿ. ಹಿಂದಿನ ವಾರವೇ ಮನೆಗೆ ಹೋಗಿ, ಗಾಡಿಯ ಫೋಟೋ ತೋರಿಸಿ, "ಅಣ್ಣಾ, ಭಾನುವಾರ ಬೆಳಿಗ್ಗೆ ನಿಮ್ಮ ಬಾರೆ ಮೇಲೆ ಗಾಡಿ ಹತ್ತಿಸಿ ನೋಡ್ತೀವಿ, ಬೆಳೆಗೆ ಚಕ್ರ ತಾಗಿಸಲ್ಲ" ಎಂದು ಕೇಳಿ. ಸುಗ್ಗಿಯಲ್ಲಿ ಹಾಸುಬಂಡೆಯ ಮೇಲೆ ರಾಗಿಯೋ ಹುರುಳಿಯೋ ಹರವಿರುತ್ತಾರೆ. ಆ ದಿನಗಳಲ್ಲಿ ಆ ಕಡೆ ತಲೆ ಹಾಕಬೇಡಿ. ಇದು ಬನ್ನೂರು ಕುರಿಗಳ ಸೀಮೆ, ಮಂದೆ ಬಂದರೆ ಎಂಜಿನ್ ಆಫ್ ಮಾಡಿ ದಾರಿ ಬಿಡಿ.

ಹೋಗಬಾರದ ಜಾಗಗಳೂ ಗೊತ್ತಿರಲಿ. ತಲಕಾಡಿನ ಮರಳು ದಿಬ್ಬ ಎಷ್ಟೇ ಆಸೆ ಹುಟ್ಟಿಸಿದರೂ ಅದರಡಿ ಹಳೆಯ ದೇಗುಲಗಳಿವೆ. ಮುಡುಕುತೊರೆ ಬೆಟ್ಟ ಪಂಚಲಿಂಗಗಳಲ್ಲೊಂದಾದ ಮಲ್ಲಿಕಾರ್ಜುನನ ನೆಲೆ. ಹೆಡಿಯಾಲದ ಕಡೆಯ ಕಾಡು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು. ಅನುಮತಿಯಿಲ್ಲದೆ ಕಾಡಿಗೆ ನುಗ್ಗಿದರೆ ಕೇಸು ಖಚಿತ. ಪಾಳುಬಿದ್ದ ಕ್ವಾರಿಯೂ ಬೇಡ, ಅಲ್ಲಿ ನೀರು ನಿಂತ ಗುಂಡಿಯ ಆಳ ಯಾರಿಗೂ ಗೊತ್ತಿರುವುದಿಲ್ಲ.

2. ರಸ್ತೆಗೆ ಇಳಿಸಬೇಡಿ, ಲಾರಿಯ ಮೇಲೆ ಒಯ್ಯಿರಿ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ರೂಪ ಆರ್‌ಸಿಯಲ್ಲಿ ಬರೆದ ವಿವರಕ್ಕೆ ತಾಳೆಯಾಗಬೇಕು. ತಯಾರಕರು ಕೊಟ್ಟ ಮೂಲ ವಿನ್ಯಾಸವನ್ನು ಮನಬಂದಂತೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ ದಂಡವೂ ಸಣ್ಣದಲ್ಲ: ಒಂದೊಂದು ಬದಲಾವಣೆಗೆ 5,000 ರೂಪಾಯಿ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನೋಂದಣಿಯೇ ಇಲ್ಲದ ಗಾಡಿಗೆ ವಿಮೆಯೂ ಇರುವುದಿಲ್ಲ. ಮೈಸೂರಿನಿಂದ ನರಸೀಪುರ ದಾಟಿ ಕೊಳ್ಳೇಗಾಲಕ್ಕೆ ಹೋಗುವ 766ನೇ ರಾಷ್ಟ್ರೀಯ ಹೆದ್ದಾರಿ ಬಗ್ಗಿ ಓಡಿಸಿ ನೋಡುವ ಜಾಗವಲ್ಲ. ಸಣ್ಣ ಲಾರಿ ಬಾಡಿಗೆಗೆ ಹಿಡಿದು, ನಾಲ್ಕೂ ಮೂಲೆಗೆ ಬೆಲ್ಟ್ ಬಿಗಿದು, ಗೇರಿನಲ್ಲಿ ನಿಲ್ಲಿಸಿ ಒಯ್ಯಿರಿ. ಬೆಲ್ಟನ್ನು ಚಾಸಿಗಿಂತ ಆಕ್ಸೆಲ್ಲಿಗೆ ಕಟ್ಟುವುದು ಲೇಸು. ಸ್ಪ್ರಿಂಗ್ ಕುಣಿದರೂ ಬಿಗಿ ಸಡಿಲಾಗುವುದಿಲ್ಲ.

3. ಅಂಗಳದಲ್ಲೇ ಕಾಲು ಮಡಿಸಿ ನೋಡಿ

ಸಮನೆಲದಲ್ಲಿ ಸರಿಯಾಗಿರುವ ಗಾಡಿ ಬಂಡೆಯ ಮೇಲೆ ತನ್ನನ್ನು ತಾನೇ ಹರಿದುಕೊಳ್ಳಬಹುದು. ಎಡ ಮುಂಚಕ್ರವನ್ನು ಗಟ್ಟಿಯಾದ ಮರದ ದಿಮ್ಮಿಗಳ ಮೇಲೆ ಹತ್ತಿಸಿ, ಬಲ ಹಿಂಚಕ್ರವನ್ನೂ ಹಾಗೇ ಎತ್ತರಿಸಿ. ಈಗ ಒಂದು ಕಡೆ ಸ್ಪ್ರಿಂಗ್ ಪೂರ್ತಿ ಒತ್ತಿರುತ್ತದೆ, ಇನ್ನೊಂದು ಕಡೆ ಚಕ್ರ ಜೋತುಬಿದ್ದಿರುತ್ತದೆ. ಇದೇ ಭಂಗಿಯಲ್ಲಿ ಸ್ಟೇರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ, ಒಬ್ಬರು ಟಾರ್ಚು ಹಿಡಿದು ಬಗ್ಗಿ ನೋಡಲಿ. ಜೋತುಬಿದ್ದ ಚಕ್ರದ ಬ್ರೇಕ್ ಹೋಸು ವೀಣೆಯ ತಂತಿಯಂತೆ ಬಿಗಿದಿದೆಯೇ? ಒತ್ತಿದ ಕಡೆಯ ಟೈರು ಆ ಕಡೆಯ ಹೋಸಿಗೆ ಉಜ್ಜುತ್ತಿದೆಯೇ? ಜಾಯಿಂಟ್ ಶಾಫ್ಟಿನ ಸ್ಲಿಪ್ ಎಷ್ಟು ಹೊರಗೆ ಬಂತು? ಸ್ಟೇರಿಂಗ್ ರಾಡು ಸ್ಪ್ರಿಂಗಿಗೆ ತಾಗುತ್ತಿದೆಯೇ? ಹೋಸಿನ ರಬ್ಬರ್ ಮೇಲೆ ಚಾಕ್‌ಪೀಸ್ ಸವರಿಟ್ಟರೆ ಉಜ್ಜಿದ ಗುರುತು ತಾನೇ ಕಾಣುತ್ತದೆ. ಈ ಒಂದು ಗಂಟೆಯ ಕೆಲಸ ಬಾರೆಯ ಮೇಲಿನ ಒಂದು ದಿನ ಉಳಿಸುತ್ತದೆ.

4. ಬ್ರೇಕು ಪಾಸಾಗದೆ ಗೇಟು ದಾಟಬೇಡಿ

ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಬಗ್ಗಿ ಕಟ್ಟಿ ಓಡಿಸುವ ಬಾಹಾ ಸ್ಪರ್ಧೆ ಭಾರತದಲ್ಲಿ 2007ರಿಂದ ನಡೆಯುತ್ತಿದೆ. ಅದರ ಕ್ರಮ ನಮಗೂ ಪಾಠ: ಮೊದಲು ತಾಂತ್ರಿಕ ತಪಾಸಣೆ, ಆಮೇಲೆ ಬ್ರೇಕ್ ಪರೀಕ್ಷೆ, ಇವೆರಡೂ ಮುಗಿದ ಮೇಲೆ ಓಟ. ಪೆಡಲ್ ಒತ್ತಿದಾಗ ನಾಲ್ಕೂ ಚಕ್ರ ಒಟ್ಟಿಗೆ ಲಾಕ್ ಆಗದಿದ್ದರೆ ಗಾಡಿ ಹಿಂದಕ್ಕೆ. ನೀವೂ ಖಾಲಿ ಮಣ್ಣಿನ ಅಂಗಳದಲ್ಲಿ ಇದನ್ನೇ ಮಾಡಿ. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಒಂದರಲ್ಲೇ ಗಾಡಿ ನಿಲ್ಲಬೇಕು. ಬಂಡೆ ಹತ್ತುವಾಗ ಎಂಜಿನ್ ಆಫ್ ಆದರೆ ನಿಮ್ಮನ್ನು ಹಿಡಿದು ನಿಲ್ಲಿಸಲು ಅದು ಬೇಕೇ ಬೇಕು.

5. ಗೇರಿನ ಗುಣಾಕಾರ ಗೊತ್ತಿರಲಿ

ಮೊದಲ ಗೇರು, ಟ್ರಾನ್ಸ್‌ಫರ್ ಕೇಸಿನ ಲೋ, ಆಕ್ಸೆಲ್ ಅನುಪಾತ, ಈ ಮೂರನ್ನೂ ಗುಣಿಸಿ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿಗೆ 2.665, 1.97, 4.88, ಗುಣಿಸಿದರೆ 25.6. ಅಂದರೆ ಚಕ್ರ ಒಂದು ಸುತ್ತು ಬರಲು ಎಂಜಿನ್ 25ಕ್ಕೂ ಹೆಚ್ಚು ಸುತ್ತು ತಿರುಗಬೇಕು. 2018ರಲ್ಲಿ ಬಂದ ರ‍್ಯಾಂಗ್ಲರ್ ರುಬಿಕಾನ್‌ನ ಮ್ಯಾನ್ಯುಯಲ್ ಗೇರಿನ ಗಾಡಿಗೆ ಈ ಅಂಕಿ 84.2. ಐಡ್ಲಿಂಗ್ 800 ಆರ್‌ಪಿಎಂ, ಟೈರು 30 ಇಂಚು ಎಂದಿಟ್ಟುಕೊಂಡರೆ ಮೊದಲನೆಯದು ಗಂಟೆಗೆ ಸುಮಾರು 4.5 ಕಿ.ಮೀ. ಹೋಗುತ್ತದೆ, ಎರಡನೆಯದು ಬರೀ 1.4. ನಿಮ್ಮ ಅಂಕಿ 30ರ ಆಸುಪಾಸಿನಲ್ಲಿದ್ದರೆ ಮೆಟ್ಟಿಲಿನಂಥ ಬಂಡೆ ಮೊದಲ ದಿನಕ್ಕೆ ಬೇಡ. ಇಳಿಜಾರಿನ ಹಾಸುಬಂಡೆ ಸಾಕು. ದೊಡ್ಡ ಟೈರು ಹಾಕಿದಷ್ಟೂ ಈ ಬಲ ಕಡಿಮೆಯಾಗುತ್ತದೆ ಎಂಬುದೂ ನೆನಪಿರಲಿ.

6. ಗಾಳಿ ಇಳಿಸಿ, ಮೀಟರ್ ಹಿಡಿದು ಇಳಿಸಿ

ರಸ್ತೆಗೆ ತುಂಬಿಸುವ 28–30 ಪಿಎಸ್‌ಐ ಬಂಡೆಗೆ ಜಾಸ್ತಿ. 15ರಿಂದ 18ಕ್ಕೆ ಇಳಿಸಿದರೆ ಟೈರು ಕಲ್ಲಿಗೆ ಅಂಟಿಕೊಳ್ಳುತ್ತದೆ, ಚೂಪುಕಲ್ಲಿಗೆ ಕುಯ್ಯುವುದೂ ಕಡಿಮೆ. ಬೀಡ್‌ಲಾಕ್ ಇಲ್ಲದ ರಿಮ್ಮಾದರೆ 12ಕ್ಕಿಂತ ಕೆಳಗೆ ಹೋಗಬೇಡಿ, ಪಕ್ಕಕ್ಕೆ ವಾಲಿದಾಗ ಟೈರು ರಿಮ್ಮಿನಿಂದ ಕಳಚುತ್ತದೆ. 12 ವೋಲ್ಟಿನ ಕಂಪ್ರೆಸರ್, ಪಂಚರ್ ಕಿಟ್, ಒಂದು ಸ್ಟೆಪ್ನಿ ಜೊತೆಗಿರಲಿ.

7. ಪಂಜರ, ಬೆಲ್ಟು, ಹೆಲ್ಮೆಟ್ಟು ಒಟ್ಟಿಗೆ

ಮೂರರಲ್ಲಿ ಒಂದಿಲ್ಲದಿದ್ದರೂ ಉಳಿದೆರಡು ಅರ್ಧ ಕೆಲಸ ಮಾತ್ರ ಮಾಡುತ್ತವೆ. ಪಂಜರದ ಕಾಲುಗಳು ಬರೀ ತಗಡಿಗಲ್ಲ, ಚಾಸಿಗೆ ಬೆಸೆದಿರಬೇಕು. ತಲೆಯ ಹತ್ತಿರದ ಪೈಪಿಗೆ ಗಟ್ಟಿ ಸ್ಪಂಜು ಸುತ್ತಿ. ಗಾಡಿ ವಾಲತೊಡಗಿದರೆ ಕೈ ಹೊರಗೆ ಚಾಚಿ ಬಂಡೆಯನ್ನು ತಳ್ಳಲು ಮನಸ್ಸು ಹೋಗುತ್ತದೆ. ಕೈ ಮುರಿಯುವುದು ಹಾಗೆಯೇ. ಎರಡೂ ಕೈ ಸ್ಟೇರಿಂಗಿನ ಮೇಲಿರಲಿ, ಹೆಬ್ಬೆರಳು ಒಳಗೆ ಸುತ್ತದಿರಲಿ. ಚಕ್ರ ಕಲ್ಲಿಗೆ ಬಡಿದರೆ ಸ್ಟೇರಿಂಗ್ ತಿರುಗಿ ಬೆರಳು ಮುರಿಯಬಲ್ಲದು. ಎರಡು ಕಿಲೋ ಬೆಂಕಿನಂದಕ ಮತ್ತು ಕಿಲ್ ಸ್ವಿಚ್, ಎರಡೂ ಬೆಲ್ಟ್ ಬಿಚ್ಚದೆ ಕೈಗೆ ಸಿಗುವ ಜಾಗದಲ್ಲಿರಬೇಕು.

8. ದಾರಿ ತೋರಿಸುವವರು ಒಬ್ಬರೇ

ಹತ್ತು ಜನ ಸೇರಿ "ಲೆಫ್ಟ್ ಹೊಡಿ", "ಬಿಡು ಬಿಡು" ಎಂದು ಕೂಗಿದರೆ ಗಾಡಿ ಮಗುಚುತ್ತದೆ. ಒಬ್ಬರನ್ನು ಆರಿಸಿ, ಕೈಸನ್ನೆಗಳನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಎಡ, ಬಲ ಎಂದರೆ ಡ್ರೈವರಿನ ಎಡ, ಬಲ. ಎರಡೂ ಕೈ ಮೇಲೆತ್ತಿದರೆ ನಿಲ್ಲಿಸಲೇಬೇಕು, ಈ ಸನ್ನೆಯನ್ನು ಮಾತ್ರ ಯಾರು ಬೇಕಾದರೂ ಮಾಡಬಹುದು. ದಾರಿ ತೋರಿಸುವವರು ಗಾಡಿಯ ಕೆಳಗಿನ ಇಳಿಜಾರಿನಲ್ಲಿ, ಗಾಡಿಗೂ ಬಂಡೆಗೂ ನಡುವೆ ನಿಲ್ಲುವಂತಿಲ್ಲ. ಡ್ರೈವರ್ ಕಣ್ಣಿಗೆ ಅವರು ಮರೆಯಾದ ಕ್ಷಣವೇ ಬ್ರೇಕು.

9. ಮೊದಲು ನಡೆದು ನೋಡಿ, ಆಮೇಲೆ ಓಡಿಸಿ

ಹತ್ತಬೇಕಾದ ದಾರಿಯನ್ನು ಕಾಲಿನಿಂದ ಅಳೆಯಿರಿ. ಕಲ್ಲನ್ನು ಎರಡು ಚಕ್ರದ ನಡುವೆ ಬಿಟ್ಟು ದಾಟುವ ಅಭ್ಯಾಸ ರಸ್ತೆಯದು. ಬಾರೆಯಲ್ಲಿ ಹಾಗೆ ಮಾಡಿದರೆ ಹೌಸಿಂಗ್ ಹೋಗುತ್ತದೆ. ಟೈರನ್ನೇ ಕಲ್ಲಿನ ನೆತ್ತಿಯ ಮೇಲೆ ಇಡಿ. 2020ರ ಥಾರ್‌ಗೆ ಮುಂದಿನಿಂದ ಹತ್ತುವ ಕೋನ 41.8 ಡಿಗ್ರಿ, ಹೊಟ್ಟೆ ತಾಗದೆ ದಾಟುವ ಕೋನ 27, ಹಿಂದಿನದು 36.8. ನಿಮ್ಮ ಗಾಡಿಯ ಮೂರು ಕೋನಗಳನ್ನೂ ಅಳೆದು ಡ್ಯಾಶಿನ ಮೇಲೆ ಬರೆದಿಡಿ. ಗುಡ್ಡವನ್ನು ಅಡ್ಡಡ್ಡ ದಾಟುವುದಕ್ಕಿಂತ ನೇರ ಹತ್ತಿ ನೇರ ಇಳಿಯುವುದು ಕ್ಷೇಮ. ಹತ್ತಲಾಗದಿದ್ದರೆ ಅರ್ಧದಲ್ಲಿ ತಿರುಗಿಸಬೇಡಿ, ರಿವರ್ಸ್ ಹಾಕಿ ಬಂದ ದಾರಿಯಲ್ಲೇ ಇಳಿಯಿರಿ. ಚಕ್ರ ಸುಮ್ಮನೆ ತಿರುಗತೊಡಗಿದರೆ ಆಕ್ಸಿಲರೇಟರ್ ಬಿಡಿ: ತಿರುಗುತ್ತಿರುವ ಚಕ್ರ ಹಠಾತ್ತನೆ ಹಿಡಿತ ಕಂಡಾಗಲೇ ಆಕ್ಸೆಲ್ ಮುರಿಯುವುದು.

10. ಹಗ್ಗಕ್ಕೆ ಎಂಜಿನ್ನಿಗಿಂತ ಹೆಚ್ಚು ಹೆದರಿ

ಈ ಆಟದಲ್ಲಿ ಜೀವ ತೆಗೆಯುವ ವಸ್ತುಗಳ ಪೈಕಿ ಎಳೆಯುವ ಹಗ್ಗಕ್ಕೆ ಮೇಲಿನ ಸ್ಥಾನ. ಟ್ರೇಲರ್ ಸಿಕ್ಕಿಸುವ ಗುಂಡಿಗೆ ಹಗ್ಗ ಹಾಕಿ ಎಂದೂ ಎಳೆಯಬೇಡಿ, ಅದು ಕಳಚಿ ಹಾರಿದರೆ ಗುಂಡೇಟಿಗೆ ಸಮ. ಚಾಸಿಗೆ ಬೋಲ್ಟು ಹಾಕಿದ ಕೊಂಡಿ ಹಿಂದೆ ಮುಂದೆ ಎರಡೂ ಕಡೆ ಇರಬೇಕು. ಶ್ಯಾಕಲ್ ಮೇಲೆ ತೂಕದ ಗುರುತು ಅಚ್ಚಾಗಿರಬೇಕು. ವಿಂಚ್ ಇದ್ದರೆ ಅದರ ಸಾಮರ್ಥ್ಯ ಗಾಡಿಯ ತುಂಬಿದ ತೂಕದ ಒಂದೂವರೆ ಪಟ್ಟಾದರೂ ಬೇಕು. ಬಿಗಿದ ಹಗ್ಗದ ನಡುವೆ ಒದ್ದೆ ಗೋಣಿಚೀಲ ಹಾಕಿ. ನೋಡಲು ಬಂದವರು, ಅದರಲ್ಲೂ ಊರಿನ ಮಕ್ಕಳು, ಹಗ್ಗದ ಉದ್ದಕ್ಕಿಂತ ದೂರದಲ್ಲಿರಲಿ. ಮರಕ್ಕೆ ಬಿಗಿಯುವಾಗ ಅಗಲ ಪಟ್ಟಿ ಬಳಸಿ. ಹುಣಸೆಮರದ ತೊಗಟೆ ಸುಲಿದರೆ ಯಜಮಾನರು ಮತ್ತೆ ಕರೆಯುವುದಿಲ್ಲ.

11. ಮೀಟರಿನ ಮೇಲೆ ಒಂದು ಕಣ್ಣು

ತೆವಳುವ ಗಾಡಿಗೆ ಎದುರುಗಾಳಿ ಇಲ್ಲ, ರೇಡಿಯೇಟರ್ ಫ್ಯಾನೇ ಗತಿ. ಬೇಸಿಗೆಯಾದರೆ ಪ್ರತಿ ಏರಿನ ನಂತರ ಟೆಂಪರೇಚರ್ ನೋಡಿ, ಕಾದ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ಕಡಿದಾದ ಏರಿನಲ್ಲಿ ಆಯಿಲ್ ಒಂದು ಕಡೆಗೆ ಸರಿದು ಪಂಪಿಗೆ ಸಿಗದಿರಬಹುದು. ಆಯಿಲ್ ಲೈಟ್ ಹೊತ್ತಿದರೆ ಎಂಜಿನ್ ಆಫ್. ಡೀಸೆಲ್ ಗಾಡಿ ಮಗುಚಿದಾಗ ಎಂಜಿನ್ ಆಯಿಲೇ ಒಳಗೆ ನುಗ್ಗಿ, ಕೀ ತೆಗೆದರೂ ಓಡುತ್ತಲೇ ಇರಬಹುದು. ಆಗ ಗಾಳಿ ಎಳೆಯುವ ಬಾಯಿಗೆ ಹಲಗೆಯ ತುಂಡು ಒತ್ತಿ ಉಸಿರು ಕಟ್ಟಿಸಿ, ಕೈ ಮಾತ್ರ ಇಡಬೇಡಿ.

12. ಹೊತ್ತು ಮುಳುಗುವ ಮುನ್ನ ಗಂಟು ಕಟ್ಟಿ

2022ರ ಕೊನೆ ಮತ್ತು 2023ರ ಆರಂಭದಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಬಾರೆ, ಪೊದೆ, ಬಂಡೆಯ ಸಂದು ಅದರ ಮನೆ. ಬೆಳಿಗ್ಗೆ ಬೆಳಕು ಹರಿದ ಮೇಲೆ ಶುರುಮಾಡಿ, ಸಂಜೆ ನಾಲ್ಕಕ್ಕೆ ಮುಗಿಸಿ. ಮಳೆಗಾಲದಲ್ಲಿ ಪಾಚಿ ಹಿಡಿದ ಬಂಡೆ ಬೇಡ, ಹೊಳೆಯ ಪಾತ್ರ ಮೊದಲೇ ಬೇಡ: ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಕಪಿಲೆ ಎಲ್ಲಿಯವರೆಗೆ ಏರುತ್ತಾಳೆ ಎಂಬುದನ್ನು 2019ರ ಆಗಸ್ಟಿನಲ್ಲಿ ನಂಜನಗೂಡು ನೋಡಿದೆ. ಒಬ್ಬಂಟಿಯಾಗಿ ಹೋಗಬೇಡಿ. ಆಸ್ಪತ್ರೆಗೆ ಒಯ್ಯಲು ಇನ್ನೊಂದು ರಸ್ತೆ ಗಾಡಿ ರೆಡಿ ಇರಲಿ, 108ಕ್ಕೆ ಹೇಳಲು ಹತ್ತಿರದ ಊರಿನ ಹೆಸರು ಎಲ್ಲರಿಗೂ ಗೊತ್ತಿರಲಿ. ಹೊರಡುವ ಮೊದಲು ಪಾನಾ ಹಿಡಿದು ಚಕ್ರ, ಸ್ಪ್ರಿಂಗ್, ಸ್ಟೇರಿಂಗ್‌ನ ಪ್ರತಿ ನಟ್ಟನ್ನೂ ಮತ್ತೆ ಬಿಗಿಯಿರಿ. ಬಿಗಿದ ನಟ್ಟಿನ ಮೇಲೆ ಪೇಂಟಿನ ಗೆರೆ ಎಳೆದಿದ್ದರೆ ಸಡಿಲಾದದ್ದು ದೂರದಿಂದಲೇ ಕಾಣುತ್ತದೆ. ಚೆಲ್ಲಿದ ಆಯಿಲನ್ನು ಮಣ್ಣುಸಮೇತ ಚೀಲಕ್ಕೆ ತುಂಬಿಕೊಂಡು ಬನ್ನಿ.

ಮೊದಲ ದಿನ ಎಲ್ಲವೂ ಸರಿಹೋಗುವುದಿಲ್ಲ. ಏನು ಸಡಿಲಾಯಿತು, ಏನು ಉಜ್ಜಿತು, ಎಲ್ಲಿ ಕಾಯಿತು ಎಂಬ ಪಟ್ಟಿ ಕೈಯಲ್ಲಿದ್ದರೆ ಮೊದಲ ಓಟಕ್ಕೆ ಅಷ್ಟೇ ಫಲ ಸಾಕು. ಅತಿ ಎತ್ತರದ ಬಂಡೆಯನ್ನು ಎರಡನೇ ಓಟಕ್ಕೂ ಮುಟ್ಟಬೇಡಿ. ಪಟ್ಟಿಯ ಕೊನೆಯ ಸಾಲಿಗೂ ಗೀಟು ಬಿದ್ದ ಮೇಲೆ ಹತ್ತಿಸಿ. ಅಷ್ಟರಲ್ಲಿ ಜಮೀನಿನ ಯಜಮಾನರಿಗೆ ಒಂದು ಫೋನು ಮಾಡಿ ಥ್ಯಾಂಕ್ಸ್ ಹೇಳಿ. ಅವರು ಇನ್ನೊಮ್ಮೆ ಬನ್ನಿ ಅಂದರೆ ಮಾತ್ರ ಈ ಸೀಮೆಯಲ್ಲಿ ಈ ಆಟಕ್ಕೆ ಮುಂದಿನ ಭಾನುವಾರ ಇರುತ್ತದೆ.